ಪಟ್ಟಣದ ವಿಸ್ತಾರವೂ ಗ್ರಾಮದ ಜಮೀನೂ

ಬೆಂಗಳೂರು ಪಟ್ಟಣದ ಸುತ್ತಮುತ್ತಣ ಆನೇಕಲ್, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಮುಂತಾದ ತಾಲ್ಲೂಕುಗಳಲ್ಲಿ ರಾಗಿ, ಅವರೆ, ಹುರುಳಿಗಳನ್ನು ಬೆಳೆಯುತ್ತಿದ್ದ ಹೊಲಗಳೊಳಗೆ ಇಂದು ಗಡಿಕಲ್ಲುಗಳ ಸಾಲುಗಳೂ, ನಿವೇಶನಗಳು ಮಾರಾಟಕ್ಕಿವೆಯೆಂದು ಸಾರುವ ಬಣ್ಣದ ಹಲಗೆಗಳೂ ಎದ್ದಿರುವುದನ್ನು ದಾರಿಹೋಕರೆಲ್ಲರೂ ಕಾಣುತ್ತಿದ್ದಾರೆ. ಇದನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಪಟ್ಟಣ ಬೆಳೆಯುವುದು ದೇಶದ ಅಭಿವೃದ್ಧಿಯ ಲಕ್ಷಣವೆಂಬುದು ಒಂದು. ಪಟ್ಟಣವು ಹಳ್ಳಿಗಳನ್ನು ನುಂಗುತ್ತಿದೆಯೆಂಬುದು ಇನ್ನೊಂದು. ಎರಡರಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವುಂಟು. ಆದರೆ ಈ ಎರಡು ಮಾತುಗಳೂ ನಡುವೆ ನಿಂತಿರುವ ಹಿಡುವಳಿದಾರನನ್ನು ಮರೆಮಾಡುತ್ತವೆ. ಸರ್ಕಾರದವರು ಸ್ವಾಧೀನಪಡಿಸಿಕೊಳ್ಳುವ ಜಮೀನಿನ ಮಾತು ಬೇರೆ. ಮಿಕ್ಕ ಜಮೀನು ತಾನಾಗಿ ನಡೆದುಹೋಗಿ ಪಟ್ಟಣವನ್ನು ಸೇರುವುದಿಲ್ಲ. ಕ್ರಯಪತ್ರಕ್ಕೆ ರುಜು ಹಾಕಿಕೊಡುವವನೊಬ್ಬನು ಇರಲೇಬೇಕು.

ಮೊದಲು ಪಟ್ಟಣದ ಲೆಕ್ಕವನ್ನು ನೋಡಬಹುದು. 1949ನೆಯ ಇಸವಿಯಲ್ಲಿ ಪೇಟೆಯ ಮತ್ತು ದಂಡಿನ ಮುನಿಸಿಪಾಲಿಟಿಗಳನ್ನು ಕೂಡಿಸಿ ಬೆಂಗಳೂರು ಕಾರ್ಪೊರೇಷನ್ನನ್ನು ಸ್ಥಾಪಿಸಿದಾಗ ಅದರ ವಿಸ್ತೀರ್ಣವು ಸುಮಾರು 69 ಚದರ ಕಿಲೋಮೀಟರು. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ, 110 ಗ್ರಾಮಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದಾಗ ಅದು ಸುಮಾರು 741 ಚದರ ಕಿಲೋಮೀಟರುಗಳಾಯಿತು. 2025ರಲ್ಲಿ ಆ ಪಾಲಿಕೆಯು ಐದು ಪಾಲಿಕೆಗಳಾಗಿ ವಿಂಗಡವಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಒಳಪಟ್ಟಿತು. ಇದೇ ಅವಧಿಯಲ್ಲಿ ಜನಸಂಖ್ಯೆಯು 1951ರ ಖಾನೇಸುಮಾರಿಯ ಪ್ರಕಾರ ಇದ್ದ ಸುಮಾರು 7.8 ಲಕ್ಷದಿಂದ 2011ರ ಖಾನೇಸುಮಾರಿಯ ವೇಳೆಗೆ 84 ಲಕ್ಷಕ್ಕೂ ಮೇಲೆ ಏರಿತು. ಅಂದರೆ ನೆಲವೂ ಜನವೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಹೆಚ್ಚಿವೆ. ಜನ ಹೆಚ್ಚಿದ ಮೇಲೆ ಅವರಿಗೆ ಸೂರು ಬೇಕೆಂಬುದು ನ್ಯಾಯವೇ. ಆದುದರಿಂದ ಪಟ್ಟಣ ಬೆಳೆಯಿತೆಂದು ಕೊರಗುವುದರಲ್ಲಿ ಹುರುಳಿಲ್ಲ. ಬೆಳೆದ ನೆಲವು ಯಾರ ಕೈಯಲ್ಲಿ, ಯಾವ ರೀತಿಯಲ್ಲಿ ಇದೆಯೆಂಬುದನ್ನು ವಿಚಾರಿಸಬೇಕಾಗಿದೆ.

ಈ ವಿಚಾರಣೆಗೆ ಕೈಹಾಕಿದೊಡನೆಯೇ ಒಂದು ವಿಚಿತ್ರ ಸಂಗತಿ ಕಣ್ಣಿಗೆ ಬೀಳುತ್ತದೆ. 2011ರ ಖಾನೇಸುಮಾರಿಯಲ್ಲಿ ಇಂಡಿಯಾ ದೇಶದ ಪಟ್ಟಣಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು ಸುಮಾರು 1.1 ಕೋಟಿಯೆಂದು ಲೆಕ್ಕ ಸಿಕ್ಕಿತು. ಮಾರನೆಯ ವರ್ಷ, 2012ರಲ್ಲಿ, ಕೇಂದ್ರ ಸರ್ಕಾರದ ತಜ್ಞರ ಮಂಡಲಿಯು ಪಟ್ಟಣಗಳಲ್ಲಿ ಮನೆಗಳ ಅಭಾವವು ಸುಮಾರು 1.88 ಕೋಟಿಯೆಂದೂ, ಅದರಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಭಾಗ ಬಡವರದೂ ಅಲ್ಪವರಮಾನದವರದೂ ಎಂದೂ ಅಂದಾಜು ಮಾಡಿತು. ಬೀಗ ಹಾಕಿದ ಮನೆಗಳೂ ಸೂರಿಲ್ಲದ ಸಂಸಾರಗಳೂ ಒಂದೇ ಪಟ್ಟಣದಲ್ಲಿ ಅಕ್ಕಪಕ್ಕದಲ್ಲಿಯೇ ಇರುವುವೆಂದು ಇದರ ಅರ್ಥ. ಹೊಸದಾಗಿ ಬಡಾವಣೆಯಾಗುತ್ತಿರುವ ಹೊಲಗಳ ಪೈಕಿ ಎಷ್ಟೋ ಹೊಲಗಳು ಮನೆಯಿಲ್ಲದವನ ಮನೆಗಾಗಿ ಹೋಗುತ್ತಿಲ್ಲ. ಹಣವುಳ್ಳವನು ತನ್ನ ಹಣವನ್ನು ಹೂಳಿಡುವುದಕ್ಕಾಗಿ ಹೋಗುತ್ತಿವೆ. ಹಿಂದಿನವರು ಚಿನ್ನವನ್ನು ಗಡಿಗೆಯಲ್ಲಿ ತುಂಬಿ ನೆಲದಲ್ಲಿ ಹೂಳುತ್ತಿದ್ದರು. ಅದರ ಮೇಲೆ ರಾಗಿ ಬೆಳೆಯುವುದಕ್ಕೆ ಅಡ್ಡಿಯಿರಲಿಲ್ಲ. ಈಗಿನವರು ನೆಲವನ್ನೇ ಚಿನ್ನವನ್ನಾಗಿ ಮಾಡಿಕೊಂಡಿರುವುದರಿಂದ ಅದು ಹತ್ತು ಹದಿನೈದು ವರ್ಷಗಳ ಕಾಲ ಪಾರ್ಥೇನಿಯಮ್ ಕಳೆಯನ್ನು ಬೆಳೆಯುತ್ತ ಬಿದ್ದಿರುತ್ತದೆ.

ಒಂದು ಎಕರೆ ಜಮೀನಿನ ಲೆಕ್ಕವನ್ನು ಹಾಕಿ ನೋಡಿದರೆ ವಿಷಯವು ಸ್ಪಷ್ಟವಾಗುವುದು. ಎಕರೆಗೆ ನಲವತ್ತು ಗುಂಟೆ. ಗುಂಟೆಗೆ 1,089 ಚದರ ಅಡಿ. ಒಟ್ಟು 43,560 ಚದರ ಅಡಿ. ರಸ್ತೆ, ಚರಂಡಿ, ಉದ್ಯಾನ ಮುಂತಾದುವುಗಳಿಗೆ ಬಿಟ್ಟು ನೂರಕ್ಕೆ ಐವತ್ತೈದು ಭಾಗ ನಿವೇಶನಕ್ಕೆ ಉಳಿಯುವುದೆಂದು ಇಟ್ಟುಕೊಂಡರೆ, ಮೂವತ್ತು ನಲವತ್ತು ಅಡಿಯ ನಿವೇಶನಗಳು ಸುಮಾರು ಇಪ್ಪತ್ತು ಆಗುತ್ತವೆ. ಅರವತ್ತು ನಲವತ್ತು ಅಡಿಯದಾದರೆ ಹತ್ತು. ಅದೇ ಒಂದು ಎಕರೆಯ ಸುತ್ತ ಗೋಡೆಯೆಬ್ಬಿಸಿ, ಒಳಗೆ ಹುಲ್ಲಿನ ಮೈದಾನವನ್ನೂ ಈಜುವ ಕೊಳವನ್ನೂ ಮಾಡಿ, ಭಾನುವಾರ ಮಾತ್ರ ಬಂದುಹೋಗುವ ಒಂದು ಸಂಸಾರಕ್ಕೆ ‘ಫಾರಂ ಹೌಸ್’ ಎಂದು ಕಟ್ಟಿದರೆ ಒಂದೇ ಒಂದು ಮನೆ. ಇಂತಹ ಮನೆಗೆ ಫಾರಮ್ಮೆಂಬ ಹೆಸರು ಹೇಗೆ ಬಂದಿತೋ ತಿಳಿಯದು. ಅಲ್ಲಿ ಫಸಲೂ ಇಲ್ಲ, ದನವೂ ಇಲ್ಲ, ಕಾವಲುಗಾರನೊಬ್ಬನ ಹೊರತು ಕೆಲಸಮಾಡುವ ಆಳೂ ಇಲ್ಲ. 2020ರಲ್ಲಿ ಭೂಸುಧಾರಣಾ ಕಾಯಿದೆಯ 79-ಎ ಮತ್ತು 79-ಬಿ ಪ್ರಕರಣಗಳನ್ನು ರದ್ದುಪಡಿಸಿದ ಮೇಲೆ ವ್ಯವಸಾಯಗಾರನಲ್ಲದವನೂ ವ್ಯವಸಾಯದ ಜಮೀನನ್ನು ಕೊಳ್ಳುವುದಕ್ಕೆ ಇದ್ದ ತಡೆಯು ಹೋಗಿದೆ. ಇದರಿಂದ ಜಮೀನಿಗೆ ಬೆಲೆ ಬಂದಿತೆಂದು ಸಂತೋಷಪಟ್ಟ ಹಿಡುವಳಿದಾರರು, ನೆರೆಯ ಎರಡು ಎಕರೆಯನ್ನು ಸೇರಿಸಿಕೊಂಡು ಮಗನಿಗೆ ಒಕ್ಕಲುತನವನ್ನು ವಿಸ್ತರಿಸಿಕೊಡೋಣವೆಂದು ಹೊರಟಾಗ ಅದೇ ಬೆಲೆಯು ತಮಗೂ ಅಡ್ಡವಾಗಿ ನಿಂತಿರುವುದನ್ನು ಕಾಣುತ್ತಾರೆ. ರಾಗಿಯ ಆದಾಯದಿಂದ ಆ ಬೆಲೆಯನ್ನು ಯಾವ ಕಾಲಕ್ಕೂ ತೀರಿಸುವುದು ಸಾಧ್ಯವಿಲ್ಲ.

ದೊಡ್ಡ ಮನೆಯೆಂದರೆ ಪಟ್ಟಣದವರ ದೋಷವೆಂದು ಮಾತ್ರ ತಿಳಿಯಬಾರದು. ಜಮೀನು ಮಾರಿದ ಗ್ರಾಮಗಳಲ್ಲಿಯೂ ಮೂರು ನಾಲ್ಕು ಅಂತಸ್ತಿನ, ಹೊಳೆಯುವ ಕಲ್ಲಿನ ನೆಲದ ಮನೆಗಳು ಎದ್ದಿವೆ. ಹಿಂದಿನ ತೊಟ್ಟಿಯ ಮನೆಗಳೂ ದೊಡ್ಡವೇ ಆಗಿದ್ದುವೆಂದು ಇದಕ್ಕೆ ಸಮಾಧಾನ ಹೇಳುವುದುಂಟು. ಅದು ಸರಿಯಾದ ಹೋಲಿಕೆಯಲ್ಲ. ತೊಟ್ಟಿಯ ಮನೆಯ ಒಂದು ಪಡಸಾಲೆಯಲ್ಲಿ ದನಗಳನ್ನು ಕಟ್ಟುತ್ತಿದ್ದರು. ಅಟ್ಟದಲ್ಲಿ ಬಿತ್ತನೆಯ ಕಾಳು, ಕಣಜದಲ್ಲಿ ಫಸಲು, ಮೂಲೆಯಲ್ಲಿ ನೇಗಿಲು ನೊಗ ಕೂರಿಗೆಗಳು ಇರುತ್ತಿದ್ದುವು. ಮಳೆಯ ನೀರು ತೊಟ್ಟಿಗೆ ಬೀಳುತ್ತಿತ್ತು. ಅಣ್ಣತಮ್ಮಂದಿರ ನಾಲ್ಕೈದು ಸಂಸಾರಗಳು ಒಂದೇ ಒಲೆಯಲ್ಲಿ ಉಣ್ಣುತ್ತಿದ್ದುವು. ಅಷ್ಟು ಅಂಕಣಗಳೂ ದುಡಿಮೆಗೆ ಸಲ್ಲುತ್ತಿದ್ದುವು. ಆ ಮನೆಯೊಳಕ್ಕೆ ಬಾರದೆ ಹೊರಗೆ ನಿಂತು ಕೂಲಿಯ ಕಾಳನ್ನು ಪಡೆಯುತ್ತಿದ್ದವರೂ ಇದ್ದರೆಂಬುದನ್ನು ಮರೆಯುವುದು ನ್ಯಾಯವಲ್ಲ. ಆ ಕಾಲವನ್ನು ಪೂರ್ತಿಯಾಗಿ ಹೊಗಳುವುದಕ್ಕೆ ಕಾರಣವಿಲ್ಲ. ಆದರೆ ಇಂದಿನ ಮೂರಂತಸ್ತಿನ ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರು ಕೆಳಗಿನ ಒಂದು ಕೋಣೆಯಲ್ಲಿ ಇರುತ್ತಾರೆ. ಮಕ್ಕಳು ಪಟ್ಟಣದಲ್ಲಿ ಬಾಡಿಗೆಗೆ ಇರುತ್ತಾರೆ. ಮೇಲಿನ ಅಂತಸ್ತುಗಳನ್ನು ಗುಡಿಸುವವರೂ ಇಲ್ಲ. ಬಿತ್ತನೆಯ ಬೀಜವನ್ನು ಒಣಗಿಸುವುದಕ್ಕೆ ಅಂಗಳವಿಲ್ಲದೆ ಅದನ್ನು ಟಾರು ರಸ್ತೆಯ ಮೇಲೆ ಹರಡುತ್ತಾರೆ.

ಇನ್ನು ಇದೇ ಗ್ರಾಮದ ಕೂಲಿಕಾರರ ಮನೆಯ ಅಳತೆಯನ್ನು ನೋಡಬಹುದು. 2016ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಗೊತ್ತುಪಡಿಸಿದ ಮನೆಯ ಕನಿಷ್ಠ ವಿಸ್ತೀರ್ಣವು, ಅಡಿಗೆಯ ಸ್ಥಳವೂ ಸೇರಿ, 25 ಚದರ ಮೀಟರು, ಎಂದರೆ ಸುಮಾರು 270 ಚದರ ಅಡಿ. ಶ್ರೀಮಂತರ ಹೊಸ ಮನೆಗಳಲ್ಲಿ ಎರಡು ಮೋಟಾರು ಗಾಡಿಗಳನ್ನು ನಿಲ್ಲಿಸುವುದಕ್ಕೆ ಬಿಡುವ ಸ್ಥಳವೂ ಹೆಚ್ಚುಕಡಮೆ ಅಷ್ಟೇ. ಈ 25 ಚದರ ಮೀಟರಿನ ಮನೆಯನ್ನು ಕಟ್ಟಿಕೊಳ್ಳುವುದಕ್ಕೆ ಸರ್ಕಾರದ ಸಹಾಯದ್ರವ್ಯ ದೊರೆತರೂ ಅದನ್ನು ಕಟ್ಟುವುದಕ್ಕೆ ನೆಲವಿರಬೇಕಷ್ಟೆ. ಅನೇಕ ಸಂಸಾರಗಳಿಗೆ ಅಡ್ಡಿಯಾಗಿರುವುದು ಇದೇ. ಗ್ರಾಮಠಾಣಾದಲ್ಲಿ ಜಾಗವಿಲ್ಲ; ಗೋಮಾಳವು ಒತ್ತುವರಿಯಾಗಿದೆ, ಇಲ್ಲವೆ ಬೇರೆ ಕೆಲಸಕ್ಕೆ ಹೋಗಿದೆ; ಖಾಸಗಿ ಜಮೀನಿನ ಬೆಲೆ ಪಟ್ಟಣದ ಬೆಲೆಯಾಗಿದೆ. ಒಂದು ಗೂಡಿನಂತಹ ಮನೆಯಲ್ಲಿ ತಂದೆತಾಯಿ, ಮದುವೆಯಾದ ಇಬ್ಬರು ಮಕ್ಕಳು, ಮೊಮ್ಮಕ್ಕಳು ಬಟ್ಟೆಯ ತೆರೆಯನ್ನು ಅಡ್ಡಕಟ್ಟಿಕೊಂಡು ಕಾಲ ಕಳೆಯುತ್ತಾರೆ. ಜಮೀನು ಬಡಾವಣೆಯಾದರೆ ಹಿಡುವಳಿದಾರನಿಗೆ ಹಣವೋ, ಪ್ರಾಧಿಕಾರದವರು ತೆಗೆದುಕೊಂಡರೆ ಎಕರೆಗೆ 9,583 ಚದರ ಅಡಿ ಅಭಿವೃದ್ಧಿಪಡಿಸಿದ ನಿವೇಶನವೋ ದೊರೆಯುತ್ತದೆ. ಆ ಹೊಲದಲ್ಲಿ ಕಳೆ ಕಿತ್ತು, ಕೊಯ್ಲು ಕೊಯ್ದು ಮೂವತ್ತು ವರ್ಷ ಬಾಳಿದ ಕೂಲಿಯ ಹೆಂಗಸಿಗೆ ಒಂದು ಅಡಿಯೂ ಇಲ್ಲ. ಆಕೆಯ ಹೆಸರು ಪಹಣಿಯ ಯಾವ ಕಲಮಿನಲ್ಲಿಯೂ ಇರುವುದಿಲ್ಲ.

ಪಟ್ಟಣದ ಆ ದೊಡ್ಡ ಮನೆಗಳನ್ನು ಕಟ್ಟುತ್ತಿರುವವರ ಪಾಡೂ ಇದೇ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಗಳಿಂದ ಮಳೆಯಿಲ್ಲದೆ ಬಂದ ಒಕ್ಕಲಿನ ಮಕ್ಕಳು, ತಾವು ಕಟ್ಟುವ ಗೋಡೆಯ ಪಕ್ಕದಲ್ಲಿಯೇ ತಗಡಿನ ಗುಡಿಸಲು ಹಾಕಿಕೊಂಡು, ಮನೆ ಮುಗಿದೊಡನೆ ಅದನ್ನು ಕಿತ್ತುಕೊಂಡು ಮುಂದಿನ ನಿವೇಶನಕ್ಕೆ ಹೋಗುತ್ತಾರೆ.

ಇಷ್ಟಾದರೂ, ತನ್ನ ಜಮೀನನ್ನು ತಾನು ಮಾರುವುದರಿಂದ ಊರಿಗೇನು ನಷ್ಟವೆಂದು ಕೇಳುವವರುಂಟು. ಜಮೀನು ಮಾರುವ ಹಕ್ಕು ಹಿಡುವಳಿದಾರನದೇ, ಅದರಲ್ಲಿ ತಕರಾರಿಲ್ಲ. ಮಗಳ ಮದುವೆ, ಆಸ್ಪತ್ರೆಯ ಖರ್ಚು, ಬತ್ತಿದ ಕೊಳವೆಬಾವಿಗೆ ಮಾಡಿದ ಸಾಲ, ಇವು ಸಣ್ಣ ಹಿಡುವಳಿದಾರನನ್ನು ಮಾರಾಟಕ್ಕೆ ನೂಕುವುವೆಂಬುದನ್ನು ಬಲ್ಲವರು ಆತನನ್ನು ದೂಷಿಸಲಾರರು. ಆದರೆ ಒಂದು ಸರ್ವೆ ನಂಬರು ಬಡಾವಣೆಯಾದರೆ ಅದರ ಪರಿಣಾಮವು ಆ ಸರ್ವೆ ನಂಬರಿನ ಎಲ್ಲೆಯಲ್ಲಿ ನಿಲ್ಲುವುದಿಲ್ಲವೆಂಬುದನ್ನು ಗ್ರಾಮದ ಯಜಮಾನರು ಚೆನ್ನಾಗಿ ಗಮನಿಸಬೇಕಾಗಿದೆ. ಮೊದಲು ಬಂಡಿದಾರಿಗೆ ಗೋಡೆ ಬರುತ್ತದೆ. ಹಿಂದಿನ ಹೊಲದವನು ಗೊಬ್ಬರವನ್ನು ತಲೆಯ ಮೇಲೆ ಹೊರಬೇಕಾಗುತ್ತದೆ. ಬಳಿಕ ಹೊಲದ ಬದುವಿನ ಮೇಲೆ ಹರಿದು ಕೆರೆಗೆ ಹೋಗುತ್ತಿದ್ದ ಕಾಲುವೆಯನ್ನು ಮಣ್ಣು ತುಂಬಿ ಮಟ್ಟ ಮಾಡುತ್ತಾರೆ. ಕೆರೆಗೆ ಮಳೆಯ ನೀರಿನ ಬದಲು ಬಚ್ಚಲಿನ ನೀರು ಬರುತ್ತದೆ. ಮಣ್ಣಿನ ಮೇಲೆ ಸಿಮೆಂಟು ಬಿದ್ದಷ್ಟೂ ನೆಲದೊಳಕ್ಕೆ ಇಂಗುವ ನೀರು ಕಡಮೆಯಾಗಿ, ಹೊಸ ಮನೆಗಳ ಕೊಳವೆಬಾವಿಗಳೂ ಹಳೆಯ ತೋಟದ ಕೊಳವೆಬಾವಿಗಳೂ ಒಂದೇ ಸೆಲೆಯನ್ನು ಎಳೆಯತೊಡಗುತ್ತವೆ. 2024ರ ಬೇಸಗೆಯಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿಹೋದಾಗ ಸುತ್ತಣ ಹಳ್ಳಿಗಳ ತೋಟದ ನೀರನ್ನು ಟ್ಯಾಂಕರುಗಳಲ್ಲಿ ತುಂಬಿ ಪಟ್ಟಣಕ್ಕೆ ಮಾರಿದರು. ತರಕಾರಿಗಿಂತ ನೀರಿಗೇ ಹೆಚ್ಚು ಹಣ ಬಂದಿತೆಂದು ಕೆಲವರು ಹಿಗ್ಗಿದರು. ಪಕ್ಕದ ತೋಟದವನ ದಾಳಿಂಬೆಯ ಗಿಡಗಳು ಒಣಗಿದುದನ್ನು ಆ ಲೆಕ್ಕಕ್ಕೆ ಸೇರಿಸಲಿಲ್ಲ.

ಕೆರೆಯ ಮಾತು ಬಂದುದರಿಂದ ಪಟ್ಟಣವು ಈಗಾಗಲೇ ಕಲಿತಿರಬೇಕಾದ ಪಾಠವನ್ನು ಇಲ್ಲಿ ಹೇಳಬಹುದು. ಬೆಂಗಳೂರಿನ ಕೇಂದ್ರ ಬಸ್ ನಿಲ್ದಾಣವಿರುವ ಪ್ರದೇಶವು ಹಿಂದೆ ಧರ್ಮಾಂಬುಧಿ ಕೆರೆಯಾಗಿತ್ತು. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ನೆಲದ ಮೇಲೆ. ಒಂದರ ಕೋಡಿಯ ನೀರು ಇನ್ನೊಂದಕ್ಕೆ ಹೋಗುವಂತೆ ಸಾಲಾಗಿ ಕಟ್ಟಿದ್ದ ಈ ಕೆರೆಗಳ ಕಾಲುವೆಗಳನ್ನು ಮುಚ್ಚಿದುದರ ಫಲವು 2022ರ ಸೆಪ್ಟೆಂಬರಿನಲ್ಲಿ ಕಾಣಬಂದಿತು. ಆ ತಿಂಗಳಿನ ಮಳೆಗೆ ಪಟ್ಟಣದ ಪೂರ್ವ ಮತ್ತು ಆಗ್ನೇಯ ಭಾಗಗಳಲ್ಲಿ, ಬೆಳ್ಳಂದೂರು, ಸರ್ಜಾಪುರ ರಸ್ತೆ ಮುಂತಾದ ಕಡೆಗಳಲ್ಲಿ, ಬಹು ಬೆಲೆಬಾಳುವ ಮನೆಗಳೊಳಕ್ಕೇ ನೀರು ನುಗ್ಗಿತು. ಅಲ್ಲಿನ ನಿವಾಸಿಗಳನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಹೊರಕ್ಕೆ ಸಾಗಿಸಬೇಕಾಯಿತು. ಗದ್ದೆಯ ಕೆಲಸಕ್ಕೆಂದು ಮಾಡಿದ ಟ್ರಾಕ್ಟರು ಕೊನೆಗೂ ಹಿಂದಿನ ಗದ್ದೆಯ ಬಯಲಿಗೇ ಇಳಿಯಿತು. ಆದರೆ ಅದೇ ನೀರು ತಗ್ಗಿನ ಗುಡಿಸಲುಗಳಿಗೂ ನುಗ್ಗಿತ್ತು. ಮೊದಲನೆಯವರಿಗೆ ಹೋಟೆಲಿತ್ತು, ನೆಂಟರ ಮನೆಯಿತ್ತು. ಎರಡನೆಯವರಿಗೆ ಒದ್ದೆಯಾದ ಅಕ್ಕಿಯ ಮೂಟೆಯೇ ಗತಿಯಾಯಿತು.

ವ್ಯವಸಾಯಕ್ಕೆ ಇದಕ್ಕಿಂತಲೂ ದೊಡ್ಡ ಪೆಟ್ಟು ಬೀಳುವುದು ಆಳುಗಳ ವಿಷಯದಲ್ಲಿ. ಆಳುಗಳು ಸಿಕ್ಕುವುದಿಲ್ಲ, ಸಿಕ್ಕಿದರೂ ಕೂಲಿ ಹೆಚ್ಚು, ಆದುದರಿಂದ ಬೇಸಾಯ ಕೈಹತ್ತುವುದಿಲ್ಲವೆಂದು ಹಿಡುವಳಿದಾರರು ಎಲ್ಲೆಡೆಯೂ ದೂರುತ್ತಿದ್ದಾರೆ. ಕೂಲಿಯವನಿಗೆ ಊರಿನಲ್ಲಿ ಮನೆ ಕಟ್ಟಿಕೊಳ್ಳಲು ಮೂವತ್ತಡಿ ನೆಲ ಕೊಡದೆ, ಆತನು ಊರಿನಲ್ಲಿಯೇ ಇದ್ದು ನಾಟಿಯ ಕಾಲಕ್ಕೆ ಬಂದು ನಿಲ್ಲಲಿಲ್ಲವೆಂದು ಆಕ್ಷೇಪಿಸುವುದು ಹೇಗೆ? ಪಟ್ಟಣದ ಅಂಚಿನ ಬಾಡಿಗೆಯ ಕೋಣೆಯಲ್ಲಿ ಇರಬೇಕಾದವನು ಪಟ್ಟಣದ ಕೂಲಿಗೇ ಹೋಗುತ್ತಾನೆ. ದೇವನಹಳ್ಳಿಯ ಚಕ್ಕೋತ, ಆ ಸೀಮೆಯ ಬೆಂಗಳೂರು ನೀಲಿ ದ್ರಾಕ್ಷಿ, ಇವೆರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಆದರೆ ದ್ರಾಕ್ಷಿಯ ಬಳ್ಳಿಯನ್ನು ಸವರುವುದಕ್ಕೆ ಕೈ ಪಳಗಿದ ಆಳು ಬೇಕು, ಚಕ್ಕೋತದ ಮರಕ್ಕೆ ನಿಲ್ಲುವ ನೆಲ ಬೇಕು. ಮಾನ್ಯತೆಯ ಪತ್ರದಿಂದ ಇವೆರಡೂ ಒದಗುವುದಿಲ್ಲ.

2025ರ ಜುಲೈ ತಿಂಗಳಿನಲ್ಲಿ ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಜಮೀನಿನ ಸ್ವಾಧೀನವನ್ನು ಸರ್ಕಾರದವರು ಕೈಬಿಟ್ಟರು. ಅಲ್ಲಿನ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತು ಈ ಫಲವನ್ನು ಪಡೆದರು. ಇದು ಸಣ್ಣ ಸಂಗತಿಯಲ್ಲ. ಆದರೂ ಸರ್ಕಾರದಿಂದ ಉಳಿದುಕೊಂಡ ಜಮೀನು ಎರಡೆರಡು ಎಕರೆಯಾಗಿ ದಲ್ಲಾಳಿಗಳ ಮೂಲಕ ಹರಿದುಹೋದರೆ, ಆ ಧರಣಿಯು ಜಮೀನಿನ ಬೆಲೆಯನ್ನು ಹೆಚ್ಚಿಸಿಕೊಳ್ಳುವುದಕ್ಕಾಗಿ ನಡೆಯಿತೆಂದು ಆಡಿಕೊಳ್ಳುವವರ ಬಾಯಿ ಕಟ್ಟುವುದು ಕಷ್ಟ. ಇಂತಹ ಹೋಬಳಿಗಳಲ್ಲಿಯೇ ಮುಖಂಡರ ಜವಾಬ್ದಾರಿಯು ಹೆಚ್ಚು.

ಮುಖಂಡರ ಕೈಯಲ್ಲಿ ಏನಿದೆಯೆಂದು ಕೇಳಬಹುದು. 1960ರ ದಶಕದಲ್ಲಿ ಪಟೇಲಿಕೆ ಶಾನುಭೋಗಿಕೆಗಳು ರದ್ದಾದುವು. ಭೂಪರಿವರ್ತನೆಯ ಅಧಿಕಾರ ಜಿಲ್ಲಾಧಿಕಾರಿಗಳದು. ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವವರು ಯೋಜನಾ ಪ್ರಾಧಿಕಾರದವರು. ಇದೆಲ್ಲವೂ ನಿಜವೇ. ಆದರೆ ವಸತಿಯ ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆಯ ಕೆಲಸ. ಮನೆಯುಳ್ಳವರ ಹೆಸರು ಪಟ್ಟಿಯ ಮೇಲ್ಭಾಗದಲ್ಲಿಯೂ ಮನೆಯಿಲ್ಲದವರ ಹೆಸರು ಕೆಳಭಾಗದಲ್ಲಿಯೂ ಇರುವ ಪಟ್ಟಿಗಳು ಎಲ್ಲಿ ತಯಾರಾಗುತ್ತವೆಯೆಂಬುದು ಗ್ರಾಮಸ್ಥರಿಗೆ ತಿಳಿಯದ ಗುಟ್ಟಲ್ಲ. ಗೋಮಾಳವನ್ನೂ ಸರ್ಕಾರಿ ಖರಾಬನ್ನೂ ಒತ್ತಿಕೊಂಡವರಲ್ಲಿ ದೊಡ್ಡ ಹಿಡುವಳಿದಾರರೇ ಅನೇಕರು. ಅವರು ಬಿಟ್ಟುಕೊಟ್ಟರೆ ಎಷ್ಟೋ ಗ್ರಾಮಗಳಲ್ಲಿ ಕೂಲಿಕಾರರ ನಿವೇಶನಕ್ಕೆ ಬೇಕಾದ ನಾಲ್ಕೈದು ಎಕರೆ ದೊರೆಯುವುದು. ಒಬ್ಬರ ಜಮೀನಿನಲ್ಲಿ ವಾಸದ ಗುಡಿಸಲು ಕಟ್ಟಿಕೊಂಡಿರುವ ವ್ಯವಸಾಯದ ಕೂಲಿಕಾರನಿಗೆ ಆ ನೆಲದ ಹಕ್ಕನ್ನು ಕೊಡುವುದಕ್ಕೆ 1961ರ ಭೂಸುಧಾರಣಾ ಕಾಯಿದೆಯ 38ನೆಯ ಪ್ರಕರಣವೂ, ಗ್ರಾಮಾಂತರದ ಸರ್ಕಾರಿ ಜಮೀನಿನಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮಪಡಿಸುವುದಕ್ಕೆ ಭೂಕಂದಾಯ ಕಾಯಿದೆಯ 94-ಸಿ ಪ್ರಕರಣವೂ ಇವೆ. ಇವುಗಳನ್ನು ಕೂಲಿಕಾರರಿಗೆ ತಿಳಿಯಹೇಳುವುದು ಹಿಡುವಳಿದಾರನಿಗೆ ಪ್ರಿಯವಾದ ಕೆಲಸವಲ್ಲದಿರಬಹುದು. ಆದರೆ ನಾಳಿನ ಕೊಯ್ಲಿಗೆ ಊರಿನಲ್ಲಿ ಜನವಿರಬೇಕೆಂದು ಬಯಸುವವನು ಅದನ್ನು ಮಾಡದೆ ಗತ್ಯಂತರವಿಲ್ಲ.

ಮಾರಲೇಬೇಕಾದ ಹಿಡುವಳಿದಾರನು ಯಾವ ತುಂಡನ್ನು ಮಾರುತ್ತಾನೆಂಬುದರಲ್ಲಿಯೂ ವಿವೇಚನೆ ಬೇಕು. ಕಲ್ಲು ಮೊರಡಿಯ ಎತ್ತರದ ನೆಲವು ಬಡಾವಣೆಯಾದರೆ ಆಗುವ ಹಾನಿಗೂ, ಕೆರೆಯ ಹಿಂಭಾಗದ ತರಿಯು ಬಡಾವಣೆಯಾದರೆ ಆಗುವ ಹಾನಿಗೂ ಅಜಗಜಾಂತರವುಂಟು. ಆದರೆ ದಲ್ಲಾಳಿಗಳಿಗೆ ತರಿಯ ಮೇಲೆಯೇ ಕಣ್ಣು. ಅದು ಮಟ್ಟಸವಾಗಿರುವುದು, ಮೇಲಾಗಿ ಅಚ್ಚುಕಟ್ಟಿಗೆ ನೀರು ನಿಂತ ಗ್ರಾಮಗಳಲ್ಲಿ ಅಗ್ಗವಾಗಿಯೂ ಸಿಕ್ಕುವುದು. ಪರಿವರ್ತನೆಯಿಲ್ಲದೆ, ನಕ್ಷೆಗೆ ಒಪ್ಪಿಗೆಯಿಲ್ಲದೆ ಗುಂಟೆಗಳ ಲೆಕ್ಕದಲ್ಲಿ ಮಾರುವ ರೆವಿನ್ಯೂ ನಿವೇಶನಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವುಗಳನ್ನು ಕೊಳ್ಳುವವರು ಬಹುತೇಕ ಆಟೋ ಓಡಿಸುವವರು, ಗಾರ್ಮೆಂಟ್ ಕಾರ್ಖಾನೆಯ ಹೆಂಗಸರು, ಗಾರೆ ಕೆಲಸದವರು. ಸಕ್ರಮದ ನಿವೇಶನಕ್ಕೆ ಹಣ ಸಾಲದೆ ಬಂದ ಈ ಬಡವರು ಇಪ್ಪತ್ತು ವರ್ಷ ಖಾತೆಗಾಗಿ, ನೀರಿಗಾಗಿ, ಚರಂಡಿಗಾಗಿ ಅಲೆಯುತ್ತಾರೆ. ಅವರ ಜೀವಮಾನದ ಉಳಿತಾಯವನ್ನು ಎಣಿಸಿಕೊಂಡವರು ಆ ವೇಳೆಗೆ ಊರಿನಲ್ಲಿ ಗೌರವಸ್ಥರಾಗಿರುತ್ತಾರೆ.

ಮಾರಿದ ಹಣ ಎಲ್ಲಿಗೆ ಹೋಗುವುದೆಂಬುದನ್ನು ಬಹಳವಾಗಿ ಬೆಳೆಸಬೇಕಾಗಿಲ್ಲ. ದೊಡ್ಡ ಮನೆ, ಮೋಟಾರು, ಮದುವೆ, ದಾಯಾದಿಗಳ ವ್ಯಾಜ್ಯ, ಇವುಗಳಲ್ಲಿ ಅದು ಕರಗುವುದನ್ನು ಪ್ರತಿಯೊಂದು ಹೋಬಳಿಯವರೂ ನೋಡಿದ್ದಾರೆ. ತಂದೆಯ ಹೊಲದ ಮೇಲೆ ಎದ್ದ ಬಡಾವಣೆಯ ಬಾಗಿಲಿನಲ್ಲಿ ಮಗನು ಸಮವಸ್ತ್ರ ಧರಿಸಿ ಕಾವಲು ನಿಂತಿರುವುದು ಕಟ್ಟುಕತೆಯಲ್ಲ. ಜಮೀನಿನ ಒಂದು ಭಾಗವನ್ನಾದರೂ ಉಳಿಸಿಕೊಂಡು, ಬಂದ ಹಣದಿಂದ ಹನಿ ನೀರಾವರಿ, ಹಸುಗಳ ಕೊಟ್ಟಿಗೆ, ಸೊಪ್ಪು ತರಕಾರಿಯ ಬೇಸಾಯಗಳನ್ನು ಕೈಗೊಂಡವರು ಪಟ್ಟಣದ ಸಾಮೀಪ್ಯದಿಂದಲೇ ಬದುಕಿಕೊಂಡಿರುವುದೂ ಉಂಟು. ಪಟ್ಟಣವು ಮನೆಯ ಜೊತೆಗೆ ಹಾಲನ್ನೂ ಕೊತ್ತುಂಬರಿಯನ್ನೂ ಕೇಳುತ್ತದೆ.

ಬಡಾವಣೆಗಳ ಒತ್ತಡವು ಇನ್ನೂ ತಲಪದ ಗ್ರಾಮಗಳಲ್ಲಿ ಯಜಮಾನರು ಮಾಡತಕ್ಕ ಮೊದಲ ಕೆಲಸವು ಗ್ರಾಮದ ನಕಾಶೆಯಲ್ಲಿರುವ ಕಾಲುವೆ, ಬಂಡಿದಾರಿ, ಕೆರೆಯಂಗಳ, ಗೋಮಾಳಗಳನ್ನು ಅಳತೆ ಮಾಡಿಸಿ ಕಲ್ಲು ನೆಡಿಸುವುದು. ಇದಕ್ಕೆ ತಾಲ್ಲೂಕಿನ ಸರ್ವೆ ಶಾಖೆಗೆ ಅರ್ಜಿ ಕೊಡಬೇಕು. ಸರದಿಯ ಪ್ರಕಾರ ಮೋಜಣಿದಾರರು ಬರುವುದಕ್ಕೆ ತಿಂಗಳುಗಳೇ ಹಿಡಿಯುವುದರಿಂದಲೂ, ಹೊಲದಲ್ಲಿ ಪೈರು ನಿಂತಿರುವಾಗ ಸರಪಣಿ ಎಳೆಯುವುದು ಕಷ್ಟವಾದುದರಿಂದಲೂ, ಸುಗ್ಗಿ ಮುಗಿದು ಹೊಲಗಳು ಬಯಲಾಗುವ ವೇಳೆಗೆ ಅಳತೆ ನಡೆಯುವಂತೆ ಅರ್ಜಿಯನ್ನು ಮುಂಗಾರಿನ ಬಿತ್ತನೆಯಾದ ಕೂಡಲೇ ಕೊಟ್ಟಿರುವುದು ಒಳ್ಳೆಯದು. ಮನೆಯಿಲ್ಲದ ಸಂಸಾರಗಳ ಪಟ್ಟಿಯನ್ನು ಅದೇ ಗ್ರಾಮಸಭೆಯಲ್ಲಿ, ಕೂಲಿಕಾರರೂ ಬಂದು ಕುಳಿತಿರುವ ಹೊತ್ತಿನಲ್ಲಿ, ಗಟ್ಟಿಯಾಗಿ ಓದಿಸತಕ್ಕದ್ದು.